ಮಾಸ್ತರ ಅಂಗಾಲಿನ ಅಳತೆ

ನಮ್ಮ ಯಜಮಾನರ ಬಲ ಅಂಗಾಲಿನಲ್ಲಿ, ಹೆಬ್ಬೆರಳ ಬುಡದಲ್ಲಿ, ಒಂದು ಗುಂಡುಸೂಜಿ ಎರಡು ದಿನ ಕೂತಿತ್ತು. ಅವರಿಗೆ ಗೊತ್ತೇ ಇರಲಿಲ್ಲ. ಮೂರನೆಯ ದಿನ ಅಂಗಡಿಯ ನೆಲ ಒರೆಸುವಾಗ ಕತ್ತರಿಸುವ ಮೇಜಿನ ಸುತ್ತ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು ಕಂಡವು. ಅವರನ್ನು ಹಿಡಿದು ಕೂರಿಸಿ ಕಾಲೆತ್ತಿ ನೋಡಿದೆ. ಸೂಜಿಯ ತಲೆ ಚರ್ಮಕ್ಕೆ ಹೊಲಿದ ಗುಂಡಿಯ ಹಾಗೆ ಹೊಳೆಯುತ್ತಿತ್ತು.

“ನೋವಾಗ್ಲಿಲ್ವಾ ರೀ?”

“ನೋವಾಗಿದ್ರೆ ಹೇಳ್ತಿರಲಿಲ್ವಾ? ನನ್ನ ಕಾಲು ಗಟ್ಟಿ ಕಾಲು ಕಣೇ.”

ಗಟ್ಟಿಯೂ ಅಲ್ಲ, ಗಿಟ್ಟಿಯೂ ಅಲ್ಲ. ಅದು ಸಕ್ಕರೆ ಕಾಯಿಲೆ. ಹನ್ನೆರಡು ವರ್ಷದಿಂದ ಒಳಗೊಳಗೇ ತಿಂದು, ಪಾದದ ಅರಿವನ್ನೇ ಕದ್ದುಬಿಟ್ಟಿತ್ತು. ಸೂಜಿ ಕಿತ್ತೆವು. ತೂತು ಮುಚ್ಚಲಿಲ್ಲ. ವಾರ ಕಳೆಯುವುದರೊಳಗೆ ಅದು ಗಾಯವಾಯಿತು, ತಿಂಗಳು ಕಳೆಯುವುದರೊಳಗೆ ಹುಣ್ಣಾಯಿತು.

ನಮ್ಮದು ಹೊಲಿಗೆ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಯ ಕಡೆ ಗಾಜಿನ ಬಾಗಿಲು, ಬಾಗಿಲ ಪಕ್ಕ ನಿಲುಗನ್ನಡಿ, ನಡುವೆ ಎದೆಯೆತ್ತರದ ಮೇಜು, ಗೋಡೆಯ ಬದಿಗೆ ಎರಡು ಮೆಷಿನ್. ಮೂರು ಜನ ಕೆಲಸ ಮಾಡುತ್ತೇವೆ. ಯಜಮಾನರು ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಾರೆ. ಊರೆಲ್ಲ ಅವರನ್ನು ಮಾಸ್ತರ್ ಅಂತಲೇ ಕರೆಯುವುದು. ಅವರ ತಂಗಿ, ನನ್ನ ನಾದಿನಿ, ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಅವಳದು ಮೆಷಿನ್ ಹೊಲಿಗೆ. ನನ್ನದು ಗುಂಡಿ ತೂರಿಸುವ ಕಾಜಾ, ಗುಂಡಿ, ಅಂಚು, ಕಸ ಗುಡಿಸುವುದು, ಮತ್ತೆ ಅವರು ಕೂಗಿದ ಅಳತೆಯನ್ನು ಪುಸ್ತಕದಲ್ಲಿ ಬರೆಯುವುದು. ನಾನು ಓದಿದ್ದು ಎರಡನೇ ಕ್ಲಾಸು. ಅಂಕಿ ಮಾತ್ರ ಚೆನ್ನಾಗಿ ಬರೆಯುತ್ತೇನೆ. ಮೂವತ್ತೆಂಟು ವರ್ಷ ಅವರು ಕೂಗಿದರು, ನಾನು ಬರೆದೆ. ನಾನು ಬರೆದ ಹಾಗೇ ಬಟ್ಟೆ ಕತ್ತರಿಗೆ ಬಿತ್ತು. ಒಂದು ಅಂಗಿಯೂ ಬಿಗಿಯಾಯಿತು ಅಂತ ವಾಪಸ್ ಬಂದಿಲ್ಲ.

ಕತ್ತರಿಸುವವನಿಗೆ ಕೈಯಷ್ಟೇ ಕಾಲೂ ಮುಖ್ಯ. ದಿನವೆಲ್ಲ ಮೇಜಿನ ಮುಂದೆ ನಿಲ್ಲಬೇಕು, ಬಟ್ಟೆಯ ಸುತ್ತ ತಿರುಗಬೇಕು. ಆಸ್ಪತ್ರೆಯಲ್ಲಿ ಮೊದಲ ಸಲ ನೋಡಿದ ಶಸ್ತ್ರಚಿಕಿತ್ಸೆಯ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ, ನೇರವಾಗಿಯೇ ಹೇಳಿದರು. “ಹುಣ್ಣು ಮಾಯ್ದೆ ಹೋದ್ರೆ ಹೆಬ್ಬೆರಳು ತೆಗೀಬೇಕಾಗುತ್ತೆ. ಅಲ್ಲಿಗೂ ನಿಲ್ಲದಿದ್ರೆ ಅರ್ಧ ಪಾದ.” ಯಜಮಾನರು ನಕ್ಕರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ತಿರುಗಿ ಕೂತವರು ಮನೆ ಬರುವವರೆಗೂ ತಿರುಗಲಿಲ್ಲ. ಹೆಬ್ಬೆರಳಿಲ್ಲದವನು ನಿಂತು ಬಟ್ಟೆ ಕತ್ತರಿಸುವುದು ಹೇಗೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಸ್ಪತ್ರೆಗೆ ಎರಡು ಬಸ್ಸು ಬದಲಿಸಬೇಕು. ಇಳಿದ ಮೇಲೆ ಅರ್ಧ ಮೈಲಿ ನಡಿಗೆ, ಆಮೇಲೆ ಚೀಟಿಯ ಸಾಲು, ರಕ್ತ ಪರೀಕ್ಷೆಯ ಸಾಲು, ಡಾಕ್ಟರ ಬಾಗಿಲ ಸಾಲು. ಕಾಲಿನ ಮೇಲೆ ಭಾರ ಹಾಕಬೇಡಿ ಅನ್ನುವ ಮಾತು ಕೇಳಿಸಿಕೊಳ್ಳಲು ದಿನವಿಡೀ ಕಾಲಿನ ಮೇಲೆ ಭಾರ ಹಾಕಿ ಹೋಗಿಬರುತ್ತಿದ್ದೆವು. ಮೂರು ಸಲ ಹೋದೆವು, ಮೂರು ಸಲವೂ ಹುಣ್ಣು ಸ್ವಲ್ಪ ಸ್ವಲ್ಪ ಹಿಗ್ಗಿತು.

ನಾಲ್ಕನೆಯ ಸಲ ಅಲ್ಲಿದ್ದ ನರ್ಸು ಒಂದು ಚೀಟಿ ಕೊಟ್ಟಳು. “ಇನ್ಮೇಲೆ ನೀವು ಬರೋದು ಬೇಡ ತಾತ. ಡಾಕ್ಟರೇ ನಿಮ್ಮ ಮನೆಗೆ ಬರ್ತಾರೆ, ಫೋನಲ್ಲಿ. ಮಂಗಳವಾರ, ಶುಕ್ರವಾರ, ಬೆಳಗ್ಗೆ ಹನ್ನೊಂದಕ್ಕೆ.”

ಮನೆಯಲ್ಲಿದ್ದ ದೊಡ್ಡ ಫೋನು ನಾದಿನಿಯದು. ಅವಳು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಮುಟ್ಟಿ ನೋಡದ ಡಾಕ್ಟರು, ಉಪ್ಪು ನೋಡದ ಅಡುಗೆಯವಳು, ಎರಡೂ ಒಂದೇ ಅತ್ತಿಗೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ, ಇವರು ಫೋನೇ ಬೇಕಂತಾರೆ!”

“ಅಂಗೈ ಹುಣ್ಣಿಗೆ ಬೇಡ ಕಣೇ. ಇದು ಅಂಗಾಲ ಹುಣ್ಣು. ನಿಮ್ಮಣ್ಣ ಬಗ್ಗಿ ನೋಡ್ಕೊಳ್ಳೋಕಾಗುತ್ತಾ, ಆ ಹೊಟ್ಟೆ ಇಟ್ಕೊಂಡು?”

“ನನ್ನ ಹೊಟ್ಟೆ ಸುದ್ದಿಗೆ ಬರಬೇಡಿ ಇಬ್ಬರೂ,” ಅಂದರು ಯಜಮಾನರು.

ಮಂಗಳವಾರ ಹನ್ನೊಂದಕ್ಕೆ ಸರಿಯಾಗಿ ಫೋನು ಕೂಗಿತು. ತೆರೆಯ ಮೇಲೆ ಕನ್ನಡಕ ಹಾಕಿದ ಒಬ್ಬ ಹೆಣ್ಣುಮಗಳು. ನಮ್ಮ ಕಣ್ಣಿಗೆ ಚಿಕ್ಕ ವಯಸ್ಸು. ಅವತ್ತಿನಿಂದ ಅವರು ನಮ್ಮ ಡಾಕ್ಟರಮ್ಮ. ಯಜಮಾನರನ್ನು ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಮುಕ್ಕಾಲಿಯ ಮೇಲೆ ದಿಂಬಿಟ್ಟು ಎತ್ತಿ, ಬೀದಿಯ ಬೆಳಕು ಬೀಳುವ ಹಾಗೆ ತಿರುಗಿಸಿ, ನಾನು ಫೋನು ಹಿಡಿದು ನೆಲದಲ್ಲಿ ಕೂತೆ. “ಇನ್ನೂ ಹತ್ತಿರ. ಸಾಕು. ಅಲುಗಾಡಿಸ್ಬೇಡಿ. ಅಬ್ಬಾ, ಯಾರು ಹಿಡಿದಿರೋದು? ಕೈ ಕಲ್ಲಿನ ಹಾಗಿದೆ!” ಅಂದರು. ಸೂಜಿಗೆ ದಾರ ಪೋಣಿಸಿದ ಕೈ, ಅಲುಗಾಡುವುದಿಲ್ಲ. ಹೇಳಬೇಕು ಅನ್ನಿಸಿತು, ಸುಮ್ಮನಾದೆ. ಮಾತೆಲ್ಲ ಯಜಮಾನರದ್ದೇ. ಆರು ವಾರ ಡಾಕ್ಟರಮ್ಮ ನನ್ನ ಕೈಯನ್ನಷ್ಟೇ ಬಲ್ಲವರಾಗಿದ್ದರು, ಮುಖ ನೋಡಿರಲಿಲ್ಲ.

ನನಗೆ ನಂಬಿಕೆ ಬಂದದ್ದು ಮೂರನೆಯ ಸಲ. ಯಜಮಾನರ ಮುಖದೊಡನೆ ಮಾತು ಮುಗಿಸುತ್ತಿದ್ದವರು ತಟ್ಟನೆ ಕೇಳಿದರು. “ಮಾಸ್ತರೇ, ನಿಮ್ಮ ಹಿಂದೆ, ದಾರದ ಉಂಡೆಗಳ ಪಕ್ಕ, ಆ ನೀಲಿ ಡಬ್ಬಿ ಏನದು?”

“ಅದಾ? ಗುಂಡಿ ಡಬ್ಬಿ ಅಮ್ಮ.”

“ಮುಚ್ಚಳ ತೆಗೀರಿ ನೋಡೋಣ.”

ನಾದಿನಿ ತೆಗೆದಳು. ತುಂಬ ಬಿಸ್ಕತ್ತು. ಸಕ್ಕರೆ ಉದುರಿಸಿದ ಬಿಸ್ಕತ್ತು.

“ಅಣ್ಣಾ! ಇದನ್ನ ಯಾವ ಅಂಗಿಗೆ ಹೊಲೀತೀಯ?”

ಡಾಕ್ಟರಮ್ಮ ಬೈಯಲಿಲ್ಲ. ಊಟದ ತಟ್ಟೆ ತೋರಿಸಿ ಅಂದರು, ಔಷಧಿ ಇಡುವ ಕಪಾಟು ತೋರಿಸಿ ಅಂದರು, ರಾತ್ರಿ ಕಾಲಿಡುವ ಮಂಚದ ತುದಿ ತೋರಿಸಿ ಅಂದರು. ಇನ್ಸುಲಿನ್ ಸೂಜಿಮದ್ದಿನ ಲೆಕ್ಕ ಬದಲಿಸಿದರು. ಹನ್ನೆರಡು ವರ್ಷ ಮೇಜಿನ ಆಚೆ ಕೂತ ಯಾವ ಡಾಕ್ಟರಿಗೂ ಕಾಣದ ಡಬ್ಬಿ ಇವರಿಗೆ ಮೂರನೆಯ ಭೇಟಿಗೇ ಕಂಡಿತು. ಹತ್ತು ದಿನದಲ್ಲಿ ಸಕ್ಕರೆ ಇಳಿಯಿತು. ಕಾಲು ನೆಲಕ್ಕೆ ಸೋಕದೆ ಇದ್ದುದರಿಂದ ಹುಣ್ಣಿನ ಕೊಳೆ ಬಣ್ಣ ಹೋಗಿ ಒಳಗಿಂದ ಕೆಂಪು ಮಾಂಸ ತುಂಬತೊಡಗಿತು.

ಪಟ್ಟಿ ಕಟ್ಟುವುದನ್ನು ಕಲಿಸಲು ಊರಿನ ಆರೋಗ್ಯ ಕೇಂದ್ರದಿಂದ ಒಬ್ಬ ಸಿಸ್ಟರ್ ಸೋಮವಾರ ಸೋಮವಾರ ಬರುತ್ತಿದ್ದಳು. ತುಂಬು ಬಸುರಿ, ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿಯುತ್ತಿದ್ದಳು. ಔಷಧಿ ಹಚ್ಚಿದ ಚಿಕ್ಕ ಚೌಕ ಪಟ್ಟಿಗಳು, ದಿನಕ್ಕೊಂದು. “ಹುಣ್ಣು ಎಷ್ಟಿದೆಯೋ ಅಷ್ಟೇ ಕತ್ತರಿಸಿ ಇಡಬೇಕಮ್ಮ. ಪಕ್ಕದ ಒಳ್ಳೇ ಚರ್ಮದ ಮೇಲೆ ಹತ್ತಿದ್ರೆ ಅದೂ ನೆಂದು ಹಾಳಾಗುತ್ತೆ. ಉಳಿದ ಚೂರು ಎಸೆದುಬಿಡಿ, ಇಟ್ಕೋಬೇಡಿ.” ಇಷ್ಟು ಹೇಳಿ ಕಾಗದದ ಅಳತೆಪಟ್ಟಿಯಿಂದ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದಳು. ಮೊದಲ ವಾರ ಮೂರು ಸೆಂಟಿಮೀಟರ್ ಉದ್ದ. ಆಮೇಲೆ ಎರಡು ಎಂಟು. ಆಮೇಲೆ ಎರಡು ಆರು. ಅಷ್ಟರಲ್ಲಿ ಅವಳ ದಿನ ತುಂಬಿತು, ರಜೆ ಹಾಕಿದಳು.

ಮುಂದಿನ ಮಂಗಳವಾರ ಡಾಕ್ಟರಮ್ಮ, “ಈ ವಾರದ ಅಳತೆ ನೀವೇ ತೆಗೀತೀರಾ?” ಅಂದರು.

ಯಜಮಾನರ ಮುಖ ನೋಡಬೇಕಿತ್ತು. ಎಷ್ಟೋ ವಾರದ ಮೇಲೆ ಅವರಿಗೊಂದು ಕೆಲಸ ಸಿಕ್ಕಿತ್ತು. “ಅಳತೆ ತಾನೇ ಅಮ್ಮ? ನಲವತ್ತೈದು ವರ್ಷದಿಂದ ಅದನ್ನೇ ಮಾಡಿರೋದು!” ಕೊರಳಲ್ಲಿದ್ದ ಟೇಪಿಗೆ ಔಷಧಿ ನೀರು ಒರೆಸಿ, ಕಾಲನ್ನು ಇನ್ನೊಂದು ತೊಡೆಯ ಮೇಲೆ ಉಸಿರು ಬಿಗಿಹಿಡಿದು ಎತ್ತಿಟ್ಟು, ಕನ್ನಡಿ ಹಿಡಿಸಿಕೊಂಡು ಅಳೆದರು. ಅಂಗಡಿಯಲ್ಲಿ ಗಿರಾಕಿಯ ಮುಂದೆ ಕೂಗುವ ದನಿಯಲ್ಲೇ ಕೂಗಿದರು. “ಮೂರು ನಾಲ್ಕು!”

ನಾನು ಬರೆದೆ. 3.4.

ಡಾಕ್ಟರಮ್ಮನ ನಗು ಅರ್ಧಕ್ಕೇ ನಿಂತಿತು. “ಮೂರು ನಾಲ್ಕಾ? ಹೋದ ವಾರ ಎರಡು ಆರಿತ್ತಲ್ಲ. ಇನ್ನೊಂದ್ಸಲ ನೋಡಿ.” ಅವರು ಇನ್ನೊಮ್ಮೆ ನೋಡಿದರು. “ಮೂರು ನಾಲ್ಕೇ ಅಮ್ಮ. ನನ್ನ ಅಳತೆ ತಪ್ಪಲ್ಲ.”

ಬುಧವಾರ ಹೊಸ ಸಿಸ್ಟರ್ ಬಂದಳು. ಚುರುಕು ಹುಡುಗಿ, ಅವಸರ ಬಹಳ. ಪುಸ್ತಕ ನೋಡಿದಳು, ಗೋಡೆಯ ಮೇಲಿನ ಕತ್ತರಿಗಳನ್ನು ನೋಡಿದಳು. “ಮಾಸ್ತರೇ ಅಳೆದ ಮೇಲೆ ನಾನೇನು ಅಳೆಯೋದು?” ಅಂತ 3.4 ಅನ್ನೇ ತನ್ನ ಪುಸ್ತಕಕ್ಕೂ ಇಳಿಸಿಕೊಂಡಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗಾಯಿತು. ಅವಳೊಬ್ಬಳನ್ನೇ ಯಾಕೆ ಅನ್ನಲಿ? ಬರೆದವಳು ನಾನೇ.

ಶುಕ್ರವಾರ ಮೂರು ಮೂರು ಅಂತ ಕೂಗಿದರು. ಆ ದಿನ ಡಾಕ್ಟರಮ್ಮನ ಪಕ್ಕ ಶಸ್ತ್ರಚಿಕಿತ್ಸೆಯ ಡಾಕ್ಟರೂ ಕೂತಿದ್ದರು. ಇಬ್ಬರೂ ನಾವು ಕಳಿಸಿದ್ದ ಹುಣ್ಣಿನ ಫೋಟೋ ನೋಡಿದರು, ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಡಾಕ್ಟರಮ್ಮ, “ಬಣ್ಣ ಚೆನ್ನಾಗಿದೆ, ಅಂಚು ಚೆನ್ನಾಗಿದೆ, ಸಕ್ಕರೆ ಚೆನ್ನಾಗಿದೆ. ಅಳತೆ ಮಾತ್ರ ಹೆಚ್ಚಾಗಿದೆ. ನನಗೆ ಅರ್ಥವಾಗ್ತಿಲ್ಲ,” ಅಂದರು. ಆ ಡಾಕ್ಟರು, “ಮೇಲೆ ಚೆನ್ನಾಗಿ ಕಂಡು ಒಳಗೆ ಎಲುಬಿಗೆ ಇಳಿದಿರಬಹುದು. ಕಾಯೋದು ಬೇಡ. ಬುಧವಾರ ಬಂದು ಸೇರಲಿ. ಬಿಚ್ಚಿ ನೋಡೋಣ. ಬೆರಳು ತೆಗೆಯೋ ಪರಿಸ್ಥಿತಿ ಬಂದ್ರೆ ಆಗಲೇ ತೆಗೆದುಬಿಡ್ತೀವಿ,” ಅಂದರು.

ಫೋನು ಆರಿತು. ನಾದಿನಿ ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು. ಯಜಮಾನರು ಟೇಪನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. “ಅಳದಿರಿ. ಒಂದು ಬೆರಳು ತಾನೇ? ಒಂಬತ್ತು ಉಳಿಯುತ್ತೆ,” ಅಂದರು. ಆ ದಿನ ಊಟ ಮಾಡಲಿಲ್ಲ.

ಶನಿವಾರ, ಭಾನುವಾರ ಹೇಗೆ ಕಳೆದವೋ. ಸೋಮವಾರ ಮಧ್ಯಾಹ್ನ ಅವರು ಒರಗಿದ ಮೇಲೆ ಆಸ್ಪತ್ರೆಗೆ ಒಯ್ಯುವ ಚೀಲ ತುಂಬಿದೆ. ಎರಡು ಪಂಚೆ, ಎರಡು ಬನಿಯನ್, ಲೋಟ. ಆಮೇಲೆ ಬೆಳಗ್ಗಿನ ಪಟ್ಟಿಯ ಕಸ ಎಸೆಯಲು ಡಬ್ಬಿ ಎತ್ತಿದೆ. ಮೇಲೆಯೇ ಬಿದ್ದಿತ್ತು, ಅವತ್ತು ಕತ್ತರಿಸಿ ಉಳಿದ ಚೂರು.

ಹೊಲಿಗೆ ಅಂಗಡಿಯ ಕಸ ಗುಡಿಸುವವಳಿಗೆ ಒಂದು ವಿದ್ಯೆ ಬರುತ್ತದೆ. ಅದಕ್ಕೆ ಶಾಲೆ ಬೇಕಿಲ್ಲ. ಮೇಜಿನ ಕೆಳಗೆ ಬಿದ್ದ ಚೂರು ನೋಡಿದರೆ ಕತ್ತರಿಸಿದ ಅಂಗಿ ದಪ್ಪನವರದೋ ಸಣ್ಣನವರದೋ ಹೇಳಬಹುದು. ದೊಡ್ಡ ಮೈಗೆ ಚಿಕ್ಕ ಚೂರು, ಚಿಕ್ಕ ಮೈಗೆ ದೊಡ್ಡ ಚೂರು. ನಾನು ಆ ಪಟ್ಟಿಯ ಚೂರನ್ನು ಕಿಟಕಿಗೆ ಹಿಡಿದು ನೋಡಿದೆ. ಚೌಕದ ನಡುವೆ ಹುಣ್ಣಿನ ಆಕಾರದ ತೂತು, ಸುತ್ತ ಅಂಚು. ಮೊದಲ ವಾರ ಆ ಅಂಚು ಚಪ್ಪಲಿಯ ಬಾರಿನಷ್ಟು ಸಣ್ಣಗಿತ್ತು, ಎತ್ತಿದರೆ ಜೋತುಬೀಳುತ್ತಿತ್ತು. ಇದು ಫೋಟೋದ ಚೌಕಟ್ಟಿನ ಹಾಗೆ ಅಗಲವಾಗಿ ನೆಟ್ಟಗೆ ನಿಂತಿದೆ.

ಚೂರು ದೊಡ್ಡದಾಗಿದೆ. ಅಂದರೆ ಹುಣ್ಣು ಚಿಕ್ಕದಾಗಿದೆ.

ಕತ್ತರಿಸಿದ ಕೈ ನನ್ನದೇ, ಹುಣ್ಣಿಗೆ ಸರಿಯಾಗಿ, ಒಂದೆಳೆ ಹೆಚ್ಚಿಲ್ಲದೆ. ಹಾಗಾದರೆ ಪುಸ್ತಕದಲ್ಲಿರುವ ಮೂರು ಮೂರು ಎಲ್ಲಿಂದ ಬಂತು? ಅದನ್ನೂ ಬರೆದ ಕೈ ನನ್ನದೇ. ಎರಡು ಕೈಯಲ್ಲಿ ಯಾವುದನ್ನು ನಂಬುವುದು?

ಮೂವತ್ತೆಂಟು ವರ್ಷದಲ್ಲಿ ನಾನು ಒಬ್ಬರ ಅಳತೆಯನ್ನೂ ತೆಗೆದವಳಲ್ಲ. ಟೇಪು ಅವರದು, ಪೆನ್ಸಿಲ್ಲು ನನ್ನದು. ಅವತ್ತು ಗೂಟದಿಂದ ಟೇಪು ತೆಗೆದೆ, ಔಷಧಿ ನೀರಿನಲ್ಲಿ ಒರೆಸಿದೆ, ಗೊರಕೆ ಹೊಡೆಯುತ್ತಿದ್ದವರ ಕಾಲ ಬುಡದಲ್ಲಿ ಕೂತು ಪಟ್ಟಿ ಸರಿಸಿ ಹಿಡಿದೆ. ಎರಡು ಎರಡು. ಮತ್ತೆ ಹಿಡಿದೆ. ಎರಡು ಎರಡೇ.

ನಾದಿನಿಯನ್ನು ಸನ್ನೆ ಮಾಡಿ ಕರೆದೆ. ಅವಳೂ ನೋಡಿದಳು. “ಎರಡು ಎರಡು ಅತ್ತಿಗೆ. ಅಣ್ಣನಿಗೆ ಕಣ್ಣು ಮಂಜಾಗಿದೆಯಾ?”

“ಕಣ್ಣು ಸರಿಯಾಗೇ ಇದೆ. ನಿನ್ನೆ ಸೂಜಿಗೆ ದಾರ ಹಾಕಿಕೊಟ್ಟಿದ್ದು ಯಾರು?”

ಎರಡು ಎರಡಕ್ಕೂ ಮೂರು ಮೂರಕ್ಕೂ ಮೂರು ದಿನದ ಅಂತರ. ಮೂರು ದಿನದಲ್ಲಿ ಅಷ್ಟು ಇಳಿಯುವುದಿಲ್ಲ. ಹಾಗಾದರೆ ಅಳತೆಯಲ್ಲೇ ಏನೋ ಇದೆ. ಅವರು ಎದ್ದು ಮುಖ ತೊಳೆದು ಕೂರುವವರೆಗೆ ಕಾದೆ. ಆಮೇಲೆ ಬರೆಯುವ ಪುಸ್ತಕವನ್ನೇ ಮುಂದಿಟ್ಟೆ.

“ರೀ, ಇದರ ಅಗಲ ಎಷ್ಟು ನೋಡಿ.”

“ಯಾಕೆ?”

“ಬಟ್ಟೆ ಹೊದಿಸೋಣ ಅಂತ. ನೋಡಿ ಅಂದ್ರೆ ನೋಡಬಾರದಾ?”

ಟೇಪು ಹಿಡಿದರು, ಕೂಗಿದರು. “ಹದಿನಾರು.”

ನಾನು ಟೇಪು ಇಸಿದುಕೊಂಡು ಅವರ ಮುಂದೆಯೇ ಹಿಡಿದೆ. ಹದಿನೈದು.

“ಹದಿನೈದಿದೆಯಲ್ಲ?”

“ಹೌದು, ಪುಸ್ತಕ ಹದಿನೈದೇ. ನಾನು ಹೇಳಿದ್ದು ಹೊಲಿಗೆ ಸೇರಿ ಹದಿನಾರು. ಇಷ್ಟು ವರ್ಷ ಆಯ್ತು, ಇದೂ ಗೊತ್ತಿಲ್ವಾ ನಿನಗೆ? ಹೊಲಿಗೆಗೆ ಒಂದು ಸೆಂಟಿ ಬಿಡದೆ ನಾನು ಯಾವತ್ತು ಅಳತೆ ಕೂಗಿದ್ದೀನಿ? ಬಟ್ಟೆ ಹೆಚ್ಚಾದ್ರೆ ಒಳಗೆ ಮಡಚಬಹುದು, ಕಡಿಮೆಯಾದ್ರೆ ಎಲ್ಲಿಂದ...”

ಮಾತು ಅಲ್ಲಿಗೇ ನಿಂತಿತು. ಅವರ ಗುರುಗಳ ಪಾಠ ಅದು. ಬೇರೆ ಅಂಗಡಿಗಳಲ್ಲಿ ಮೈಯ ಅಳತೆ ಬರೆದು, ಕತ್ತರಿಸುವಾಗ ಹೊಲಿಗೆಗೆ ಬಿಡುತ್ತಾರೆ. ನಮ್ಮಲ್ಲಿ ಕೂಗುವಾಗಲೇ ಸೇರಿಸಿ ಕೂಗುವುದು, ಬರೆದದ್ದನ್ನು ಬರೆದ ಹಾಗೇ ಕತ್ತರಿಸುವುದು. ಅವರ ನಾಲಿಗೆಗೂ ನನ್ನ ಕಿವಿಗೂ ಅದು ಎಷ್ಟು ರೂಢಿಯಾಗಿತ್ತು ಅಂದರೆ, ಸೇರಿಸುತ್ತಿದ್ದೇವೆ ಅನ್ನುವುದೇ ಇಬ್ಬರಿಗೂ ಮರೆತುಹೋಗಿತ್ತು.

ಮೊದಲು ಬಾಯಿ ಬಿಟ್ಟವಳು ನಾದಿನಿ.

“ಅಣ್ಣಾ... ಹುಣ್ಣಿಗೂ ಹೊಲಿಗೆ ಬಿಟ್ಟೆಯಾ?”

ನನಗೆ ನಗು ಬಂತು. ತಡೆಯಲಾಗಲಿಲ್ಲ, ಅಳುವೂ ಜೊತೆಗೇ ಬಂತು. ನಾದಿನಿಯೂ ನಗಲು ಶುರುಮಾಡಿದಳು. ಯಜಮಾನರು ಮಾತ್ರ ನಗಲಿಲ್ಲ. ಮುಖ ಕಪ್ಪಿಟ್ಟಿತು.

“ಡಾಕ್ಟರಮ್ಮನಿಗೆ ಫೋನ್ ಮಾಡೋಣ,” ಅಂದೆ.

“ಬೇಡ.”

“ಬೇಡ ಅಂದ್ರೆ?”

“ಬುಧವಾರ ಹೇಗೂ ಹೋಗ್ತೀವಲ್ಲ. ಅವರೇ ನೋಡ್ತಾರೆ. ಅಳತೆ ತಪ್ಪಿದ ಮಾಸ್ತರ್ ಅಂತ ಊರೆಲ್ಲ ಆಡಿಕೊಳ್ಳಲಿ ಅಂತಲಾ? ಆ ಸಿಸ್ಟರ್ ಹುಡುಗಿ ಬಾಯಿ ಸುಮ್ಮನಿರುತ್ತಾ? ನಾಳೆಯಿಂದ ಯಾರು ನನ್ನ ಹತ್ತಿರ ಅಂಗಿ ಹೊಲಿಸ್ತಾರೆ?”

“ನಿಲ್ಲೋಕೆ ಕಾಲಿಲ್ಲದಿದ್ರೆ ಯಾರು ಹೊಲಿಸ್ತಾರೆ?”

“ನೋಡದೇ ಕತ್ತರಿಸಿಬಿಡ್ತಾರಾ ಅವರು?”

“ನೋಡೋಕಂತಲೇ ಬಿಚ್ಚೋದು ರೀ. ಒಳಗೆ ಕೆಟ್ಟಿದೆ ಅಂತ ಅವರು ತಿಳಿದಿರೋದು ನಮ್ಮ ಅಂಕಿಯಿಂದ. ತುಂಬ್ತಾ ಇರೋ ಗಾಯಕ್ಕೆ ಯಾಕೆ ಕತ್ತಿ? ಅಲ್ಲಿಗೆ ಹೋಗೋಕೂ ನಡೀಬೇಕು. ಮಾನದ ವಿಚಾರ ಆಮೇಲೆ ಮಾತಾಡೋಣ. ಮೊದಲು ಕಾಲು.”

ಅವರು ಗೋಡೆಯ ಕಡೆ ತಿರುಗಿದರು. ಮದುವೆಯಾದ ಮೇಲೆ ಅವರು ಬೇಡ ಅಂದದ್ದನ್ನು ನಾನು ಮಾಡಿದ್ದು ಎಷ್ಟು ಸಲ ಅಂತ ಎಣಿಸಿದರೆ ಒಂದು ಕೈಯ ಬೆರಳು ಸಾಕು. ನಾದಿನಿಯ ಕಡೆ ನೋಡಿದೆ. ಅವಳು ಆಗಲೇ ಫೋನು ತೆಗೆದು ಚೀಟಿಯಲ್ಲಿದ್ದ ಅಂಕಿಗಳನ್ನು ಒತ್ತುತ್ತಿದ್ದಳು. “ಮಾತು ನೀವೇ ಆಡಬೇಕು ಅತ್ತಿಗೆ. ನಾನು ಆಡಿದ್ರೆ ಜಗಳ ಆಗುತ್ತೆ.”

ಆ ಕಡೆ ಯಾರೋ ಹುಡುಗಿ ಎತ್ತಿದಳು. ಡಾಕ್ಟರು ಬೇರೆಯವರನ್ನು ನೋಡುತ್ತಿದ್ದಾರೆ, ನಿಮ್ಮ ಸರದಿ ನಾಳೆ, ಅಂದಳು. “ನಾಳೆಗೆ ತಡ ಆಗುತ್ತಮ್ಮ. ಬುಧವಾರ ಕಾಲು ಕೊಯ್ತಾರೆ. ನಾನು ಕಾಯ್ತೀನಿ,” ಅಂದೆ. ಕಾಯುವುದು ನನಗೆ ಬರುತ್ತದೆ. ಎರಡು ಕಾಜಾ ಹೊಲಿಯುವಷ್ಟು ಹೊತ್ತು ಕಾದೆ. ತೆರೆಯ ಮೇಲೆ ಡಾಕ್ಟರಮ್ಮ ಬಂದರು. ನನ್ನನ್ನು ನೋಡಿ ಗುರುತು ಹತ್ತಲಿಲ್ಲ.

“ನೀವು...?”

“ಫೋನ್ ಹಿಡ್ಕೋತಿದ್ದವಳಮ್ಮ. ಮಾಸ್ತರ ಹೆಂಡತಿ.”

“ಓ! ಆ ಕಲ್ಲಿನ ಕೈಯವರಾ! ಏನಾಯ್ತಮ್ಮ, ಜ್ವರ ಬಂತಾ?”

“ಜ್ವರ ಇಲ್ಲ. ಅಳತೆ ತಪ್ಪಾಗಿದೆ. ಹುಣ್ಣು ಹೆಚ್ಚಾಗಿಲ್ಲ, ಕಡಿಮೆಯಾಗಿದೆ.”

ಎಲ್ಲವನ್ನೂ ಹೇಳಿದೆ. ಚೂರಿನ ವಿಷಯ ಹೇಳಿದೆ, ಪುಸ್ತಕದ ಅಗಲ ಹೇಳಿದೆ, ಒಂದು ಸೆಂಟಿಯ ರೂಢಿ ಹೇಳಿದೆ. ಒಂದೇ ಉಸಿರಿಗೆ ಅಷ್ಟು ಮಾತು ನಾನು ಹಿಂದೆ ಆಡಿದ್ದು ನೆನಪಿಲ್ಲ. ಡಾಕ್ಟರಮ್ಮ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, “ನನ್ನ ಮುಂದೆ ಅಳೀರಿ ನೋಡೋಣ,” ಅಂದರು. ಫೋನನ್ನು ನಾದಿನಿ ಹಿಡಿದಳು. ನಾನು ಹಳೆಯ ಸಿಸ್ಟರ್ ಬಿಟ್ಟುಹೋಗಿದ್ದ ಕಾಗದದ ಅಳತೆಪಟ್ಟಿಯನ್ನು ಹುಣ್ಣಿನ ಪಕ್ಕದಲ್ಲಿಟ್ಟೆ. ಗೋಡೆಯ ಕಡೆ ತಿರುಗಿದ್ದವರು ತಿರುಗದೆಯೇ ಕಾಲನ್ನು ಮಾತ್ರ ನನ್ನ ಕಡೆ ಚಾಚಿದರು.

ಡಾಕ್ಟರಮ್ಮ ಮುಖವನ್ನು ತೆರೆಗೆ ಅಂಟಿಸಿಕೊಂಡ ಹಾಗೆ ಬಗ್ಗಿ ನೋಡಿದರು. “ಎರಡು ಎರಡು,” ಅಂದರು, ಮೆಲ್ಲಗೆ. “ಸುತ್ತ ಬೆರಳಿಂದ ಒತ್ತಿ. ಕೀವು ಬರುತ್ತಾ? ಬಿಸಿ ಇದೆಯಾ? ವಾಸನೆ? ಇಲ್ವಾ?” ಎದ್ದು ಹೋದರು. ಆ ಶಸ್ತ್ರಚಿಕಿತ್ಸೆಯ ಡಾಕ್ಟರ ದನಿ ಕೇಳಿಸಿತು, “ಟೈಲರಾ? ಏನಂದ್ರಿ, ಹೊಲಿಗೆ ಸೇರಿಸಿ?” ಆಮೇಲೆ ಒಂದು ದೊಡ್ಡ ನಗು. ಡಾಕ್ಟರಮ್ಮ ವಾಪಸ್ ಬಂದು ಕೂತರು. “ನಾಳೆ ಬೆಳಗ್ಗೆ ಸಿಸ್ಟರ್ ಬಂದು ತಾನೇ ಅಳೀತಾಳೆ, ಆಳವನ್ನೂ ನೋಡ್ತಾಳೆ. ನಾನು ಫೋನಲ್ಲಿ ಇರ್ತೀನಿ. ಅದೂ ಸರಿಯಿದ್ರೆ ಬುಧವಾರ ಬರಬೇಡಿ.”

ಮರುದಿನ ಎಂಟಕ್ಕೇ ಸಿಸ್ಟರ್ ಬಂದಳು. ಈ ಸಲ ಅವಸರವಿಲ್ಲ. ತನ್ನದೇ ಅಳತೆಪಟ್ಟಿ, ತನ್ನದೇ ಕಣ್ಣು. ಸಲಾಕೆಯಂಥ ಸಣ್ಣ ಕಡ್ಡಿಯಿಂದ ಆಳ ನೋಡಿದಳು, ಎಲುಬು ತಗಲಲಿಲ್ಲ. ಉದ್ದ ಎರಡು ಎರಡು. ಫೋನಿನಲ್ಲಿ ಡಾಕ್ಟರಮ್ಮ ಹೇಳಿದರು. “ಮಾಸ್ತರೇ, ಶಸ್ತ್ರಚಿಕಿತ್ಸೆ ಇಲ್ಲ. ಬೆರಳು ನಿಮ್ಮದೇ. ಚೀಲ ಬಿಚ್ಚಿಡಿ.”

ಯಜಮಾನರು ಎರಡೂ ಕೈ ಮುಗಿದರು, ಫೋನಿಗಲ್ಲ, ನನ್ನ ಕಡೆಗೆ. ನನಗೆ ನಾಚಿಕೆಯಾಗಿ ಪಟ್ಟಿ ಕತ್ತರಿಸಲು ಕೂತೆ.

ಅಳತೆಯ ಕೆಲಸ ಅಲ್ಲಿಂದ ನನ್ನ ಪಾಲಿಗೆ ಬಂತು. ವಾರ ವಾರ ನಾನೇ ಹಿಡಿದೆ, ನಾನೇ ಕೂಗಿದೆ, ಬರೆದವರು ಅವರು. ಒಂದು ಎಂಟು. ಒಂದು ಮೂರು. ಸೊನ್ನೆ ಒಂಬತ್ತು. ಆ ದಿನ ನಾದಿನಿ ಬೀದಿಗೆ ಹೋಗಿ ಎದುರು ಮನೆಯ ನಿವೃತ್ತ ಪೋಸ್ಟ್‌ಮ್ಯಾನರಿಗೆ ಕೂಗಿ ಹೇಳಿ ಬಂದಳು. ಅವರಿಗೆ ಕಿವಿ ಮಂದ. ಹಾಗಾಗಿ ಬೀದಿಗೆಲ್ಲ ತಿಳಿಯಿತು. ಹೊಲಿಗೆ ಬಿಟ್ಟ ಕಥೆಯೂ ತಿಳಿಯಿತು. ಯಜಮಾನರು ಹೆದರಿದ ಹಾಗೆ ಏನೂ ಆಗಲಿಲ್ಲ. ಜನ ನಗುತ್ತ ಬಂದು ಕೇಳಿದರು, ಇವರೂ ಮೊದಲ ಎರಡು ದಿನ ಮುಖ ಗಂಟಿಕ್ಕಿದರು, ಮೂರನೆಯ ದಿನ ತಾವೇ ಕಥೆ ಕಟ್ಟಿ ಹೇಳಲು ಶುರುಮಾಡಿದರು. ಹೇಳುತ್ತ ಹೇಳುತ್ತ ಒಂದು ಸೆಂಟಿ ಎರಡು ಸೆಂಟಿಯಾಯಿತು.

ಆ ಪೋಸ್ಟ್‌ಮ್ಯಾನರು ಒಂದು ಮಂಗಳವಾರ ಅಂಗಡಿಗೆ ಬಂದು, “ಆ ಡಾಕ್ಟರಿಗೆ ನನ್ನ ಕಿವಿಯನ್ನೂ ತೋರಿಸಬಹುದಾ?” ಅಂದರು. ಡಾಕ್ಟರಮ್ಮ ಕಿವಿಯ ಬೇರೆ ಡಾಕ್ಟರನ್ನು ಗೊತ್ತುಮಾಡಿದರು, ಅವರೂ ಫೋನಿನಲ್ಲೇ. ಹೇಳಿದ್ದು ಕೇಳಿಸದಿದ್ದರೆ ತೆರೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರಂತೆ. ಮೂಲೆ ಮನೆಯ ಅಜ್ಜಿಗೆ ರಕ್ತದೊತ್ತಡದ ಮಾತ್ರೆ ಎರಡು ಕಡೆಯಿಂದ ಎರಡೆರಡು ಸಲ ಬರೆದುಕೊಟ್ಟಿದ್ದು ಗೊತ್ತಾದದ್ದು ನಮ್ಮ ಅಂಗಡಿಯ ಮೇಜಿನ ಮೇಲೆಯೇ. ಅಜ್ಜಿ ಮಾತ್ರೆಯ ಚೀಲವನ್ನೇ ತಂದು ಫೋನಿನ ಮುಂದೆ ಸುರಿದರು. ಮುಟ್ಟಿ ನೋಡದ ಡಾಕ್ಟರು ಅಂತ ಆಡಿಕೊಂಡ ನಾದಿನಿಯೇ ಈಗ ಎಲ್ಲರಿಗೂ ಕುರ್ಚಿ ಹಾಕಿ, ಬೆಳಕು ಸರಿಮಾಡಿ, ಸಾಲು ನಿಲ್ಲಿಸುತ್ತಾಳೆ. “ಒಬ್ಬೊಬ್ಬರಾಗಿ ಬನ್ನಿ! ಡಾಕ್ಟರಿಗೂ ಎರಡೇ ಕಣ್ಣು!”

ಹುಣ್ಣು ಮುಚ್ಚಿದ್ದು ಹದಿನಾಲ್ಕನೆಯ ವಾರ. ಟೇಪು ಹಿಡಿದರೆ ಅಳೆಯಲು ಏನೂ ಇರಲಿಲ್ಲ. ಹೊಸ ಚರ್ಮ, ತೆಳ್ಳಗೆ, ಗುಲಾಬಿ ಬಣ್ಣ. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆದರೂ ಶಿಸ್ತು ಬಿಡಲಿಲ್ಲ. ಅಂಗಡಿಯಲ್ಲಿ ಬರಿಗಾಲು ಕೂಡದು, ಮೆತ್ತನೆ ತಳದ ಬೂಟೇ ಹಾಕಬೇಕು, ದಿನವೂ ಅಂಗಾಲನ್ನು ನಾನು ನೋಡಬೇಕು, ನಿಲ್ಲುವುದು ಒಮ್ಮೆಗೇ ಅಲ್ಲ. “ಮೊದಲ ದಿನ ಇಪ್ಪತ್ತು ನಿಮಿಷ. ಆಮೇಲೆ ಕಾಲು ನನಗೆ ತೋರಿಸಿ. ಕೆಂಪಾಗಿಲ್ಲ ಅಂದ್ರೆ ಮುಂದೆ ನೋಡೋಣ.”

ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಯಜಮಾನರು ಬೂಟು ಹಾಕಿ ಎದ್ದರು. ಕುರ್ಚಿಯ ಕೈ ಹಿಡಿದು ನಿಂತು, ಹಿಡಿದದ್ದನ್ನು ಬಿಟ್ಟು, ಮೇಜಿನವರೆಗೆ ಐದು ಹೆಜ್ಜೆ ನಡೆದರು. ಪೋಸ್ಟ್‌ಮ್ಯಾನರ ಅಂಗಿ ಬಟ್ಟೆ ಹಾಸಿತ್ತು. ಅಂಗೈಯಿಂದ ಸುಕ್ಕು ಸವರಿದರು, ಚಾಕ್ ಎಳೆದರು, ಕತ್ತರಿ ಎತ್ತಿದರು. ಬಾಗಿಲಾಚೆ ನಾಲ್ಕಾರು ಜನ ಸೇರಿದ್ದರು. ಕತ್ತರಿ ದಪ್ಪ ಬಟ್ಟೆಯಲ್ಲಿ ಓಡುವ ಸದ್ದು ಕೇಳಿ ನಾದಿನಿ ಮೆಷಿನ್ ನಿಲ್ಲಿಸಿದಳು. ಬೆನ್ನು, ಎದೆಯ ಎರಡು ಪಾಲು, ತೋಳು, ಕಾಲರ್. ಒಂದು ಕಡೆಯೂ ತಡವರಿಸಲಿಲ್ಲ. ಹತ್ತೊಂಬತ್ತು ನಿಮಿಷಕ್ಕೆ ಅಂಗಿ ಕತ್ತರಿಸಿ ಮುಗಿಸಿ, ಉಳಿದ ಒಂದು ನಿಮಿಷ ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು.

ಹನ್ನೊಂದಕ್ಕೆ ಫೋನು ಕೂಗಿತು. ಬೂಟು ಬಿಚ್ಚಿ ಅಂಗಾಲು ತೋರಿಸಿದೆವು. ಕೆಂಪಿಲ್ಲ, ಬಿಸಿಯಿಲ್ಲ.

“ಚೆನ್ನಾಗಿದೆ ಮಾಸ್ತರೇ. ನಾಳೆ ಮೂವತ್ತು ನಿಮಿಷ ನಿಲ್ಲಬಹುದು.”

ಯಜಮಾನರು ಬಾಗಿಲ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು.

“ಯಾರದ್ರೀ ಪ್ಯಾಂಟು ಬಾಕಿ ಇರೋದು? ನಾಳೆ ಬನ್ನಿ!”